ಊರವನಿಗೆ ಬುದ್ಧಿಮಾತು, ಪರಊರಿನವನಿಗೆ ದಂಡ

ದೂರದ ಊರಿಗೆ ಹೋದಾಗ ಪೊಲೀಸರು ಗಾಡಿ ನಿಲ್ಲಿಸಿದರೆ ನಮ್ಮಲ್ಲಿ ಬಹಳ ಜನಕ್ಕೆ ಬರುವ ಮೊದಲ ಅನುಮಾನ, 'ಹೊರಗಿನ ನಂಬರ್ ಪ್ಲೇಟ್ ನೋಡಿಯೇ ಹಿಡಿದರು' ಎಂಬುದು. ಅಮೆರಿಕದ ಜನಕ್ಕೂ ಇದೇ ಅನುಮಾನ. ಅಲ್ಲಿ ಅದಕ್ಕೆ ದೊಡ್ಡ ಇತಿಹಾಸವೇ ಇದೆ. ಕೋರ್ಟು ತೀರ್ಪು ಕೊಟ್ಟಿದೆ, ರಾಜ್ಯಗಳು ಕಾನೂನು ಮಾಡಿವೆ, ಒಂದು ಊರು ಇದೇ ಕಾರಣಕ್ಕೆ ನಕಾಶೆಯಿಂದಲೇ ಅಳಿಸಿಹೋಗಿದೆ. ನಮ್ಮ ಜಿಲ್ಲೆಗಳಿಂದ ಹೋದ ಎಷ್ಟೋ ಮಕ್ಕಳು ಇವತ್ತು ಅದೇ ರಸ್ತೆಗಳಲ್ಲಿ ಕಾರು ಓಡಿಸುತ್ತಿದ್ದಾರೆ. ಅದಕ್ಕೇ ಈ ಕತೆ ಬರೆಯುತ್ತಿದ್ದೇವೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ನಮ್ಮಲ್ಲಿ ಪೊಲೀಸರು ರಾಜ್ಯ ಸರ್ಕಾರದವರು. ಅಮೆರಿಕದಲ್ಲಿ ಐನೂರು ಜನರ ಊರಿಗೂ ತನ್ನದೇ ಮೇಯರ್ ಇರಬಹುದು, ತನ್ನದೇ ಪೊಲೀಸ್ ಇರಬಹುದು, ಕೆಲವು ರಾಜ್ಯಗಳಲ್ಲಿ ತನ್ನದೇ ಕೋರ್ಟೂ ಇರಬಹುದು. ದಂಡದ ದುಡ್ಡಿನಲ್ಲಿ ಒಂದು ಪಾಲು ಊರಿನ ಪೆಟ್ಟಿಗೆಗೇ ಬೀಳುತ್ತದೆ. ಹಿಡಿಯುವವರು, ತೀರ್ಪು ಕೊಡುವವರು, ದುಡ್ಡು ಎಣಿಸುವವರು ಎಲ್ಲರೂ ಒಂದೇ ಮನೆಯವರು ಎಂದ ಹಾಗಾಯಿತು.

ಇದು ಸರಿಯೇ ಎಂಬ ಪ್ರಶ್ನೆ 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಕೇಸು ಗಾಡಿಯದ್ದಲ್ಲ, ಹೆಂಡದ್ದು. ಒಹಾಯೊ ರಾಜ್ಯದ ನಾರ್ತ್ ಕಾಲೇಜ್ ಹಿಲ್ ಎಂಬ ಹಳ್ಳಿಯ ಮೇಯರ್, ಹೆಂಡ ಇಟ್ಟುಕೊಂಡಿದ್ದ ಟ್ಯೂಮಿ ಎಂಬವನಿಗೆ 100 ಡಾಲರ್ ದಂಡ ಹಾಕಿದ್ದ. ತಪ್ಪಿತಸ್ಥ ಎಂದು ತೀರ್ಪು ಕೊಟ್ಟರೆ ಮೇಯರ್‌ಗೆ 12 ಡಾಲರ್ ಸಿಗುತ್ತಿತ್ತು. ಬಿಟ್ಟು ಕಳಿಸಿದರೆ ಏನೂ ಇಲ್ಲ. ತೀರ್ಪಿನಿಂದ ಲಾಭ ಪಡೆಯುವವನು ನ್ಯಾಯ ಹೇಳುವಂತಿಲ್ಲ ಎಂದು ಕೋರ್ಟು ಹೇಳಿತು.

ದುಡ್ಡು ಮೇಯರ್ ಜೇಬಿಗೆ ಹೋಗದೆ ಊರಿನ ಪೆಟ್ಟಿಗೆಗೆ ಹೋದರೆ? ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1972ರಲ್ಲಿ. ಅದೇ ಒಹಾಯೊದ ಮನ್ರೋವಿಲ್‌ನಲ್ಲಿ ವಾರ್ಡ್ ಎಂಬವರಿಗೆ ಎರಡು ಸಂಚಾರ ತಪ್ಪುಗಳಿಗೆ ತಲಾ 50 ಡಾಲರ್ ದಂಡ ಬಿದ್ದಿತ್ತು. 1964ರಲ್ಲಿ ಆ ಊರಿನ ಆದಾಯದ ಸುಮಾರು ಅರ್ಧ ಬಂದದ್ದು ಮೇಯರ್ ಕೋರ್ಟಿನಿಂದಲೇ. ಊರಿನ ಖರ್ಚು ತೂಗಿಸಬೇಕಾದ ಮನುಷ್ಯ ನಿಷ್ಪಕ್ಷಪಾತಿ ಆಗಲಾರ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು.

ತೀರ್ಪು ಬಂದರೂ ದುಡ್ಡಿನ ದಾರಿ ಬದಲಾಗಲಿಲ್ಲ. ಒಹಾಯೊದಲ್ಲೇ, ಕೊಲಂಬಸ್ ನಗರದ ಪಕ್ಕ, ನ್ಯೂ ರೋಮ್ ಎಂಬ ಊರಿತ್ತು. 2000ದ ಜನಗಣತಿಯಲ್ಲಿ ಅದರ ಜನಸಂಖ್ಯೆ 60. ದೊಡ್ಡ ರಸ್ತೆಯೊಂದು ಅದರೊಳಗೆ ಹಾದುಹೋಗುತ್ತಿತ್ತು. ಅಲ್ಲಿಯವರೆಗೆ ಗಂಟೆಗೆ 45 ಮೈಲಿ ಇದ್ದ ವೇಗದ ಮಿತಿ ಊರಿನ ಗಡಿಯಲ್ಲಿ 35ಕ್ಕೆ ಇಳಿಯುತ್ತಿತ್ತು. ಬ್ರೇಕ್ ಒತ್ತುವುದು ತಡವಾದರೆ ದಂಡ. ಜನರ ಸಿಟ್ಟು ಎಷ್ಟು ಬೆಳೆಯಿತೆಂದರೆ 2004ರಲ್ಲಿ ಕೋರ್ಟಿನ ಆದೇಶದಿಂದ ಆ ಊರಿನ ಆಡಳಿತವೇ ರದ್ದಾಯಿತು.

ಫ್ಲಾರಿಡಾದ ಹ್ಯಾಂಪ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಐನೂರಕ್ಕಿಂತ ಕಡಿಮೆ ಜನರ ಈ ಊರು ಹೆದ್ದಾರಿಯ ಮೇಲೆ ಇರಲೇ ಇಲ್ಲ. 1990ರ ದಶಕದಲ್ಲಿ 301ನೇ ಹೆದ್ದಾರಿಯ 1,260 ಅಡಿ ಉದ್ದದ ತುಂಡೊಂದನ್ನು ತನ್ನ ಗಡಿಯೊಳಗೆ ಸೇರಿಸಿಕೊಂಡಿತು. ಬೆಳೆ ಬೆಳೆಯುವ ನೆಲವಲ್ಲ ಅದು, ದಂಡ ಬೆಳೆಯುವ ನೆಲ. 2014ರಲ್ಲಿ ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿ ಅವ್ಯವಹಾರಗಳು ಹೊರಬಂದವು. ಕೊನೆಗೆ ಆ ತುಂಡು ರಸ್ತೆ ಬಿಟ್ಟುಕೊಟ್ಟು ಊರು ಉಳಿದುಕೊಂಡಿತು.

ಅದೇ ವರ್ಷ, ಅದೇ ಹೆದ್ದಾರಿಯ ವಾಲ್ಡೊ ಎಂಬ ಪಟ್ಟಣದಲ್ಲಿ ಪೊಲೀಸರೇ ಬಾಯಿ ಬಿಟ್ಟರು. 12 ಗಂಟೆಯ ಪಾಳಿಯಲ್ಲಿ 12 ದಂಡ ಬರೆಯಲೇಬೇಕು ಎಂದು ಮೇಲಿನವರು ಒತ್ತಾಯಿಸುತ್ತಾರೆ ಎಂದು ಪುರಸಭೆಯ ಮುಂದೆ ದೂರಿದರು. ಪಟ್ಟಣದ ಪೊಲೀಸ್ ಇಲಾಖೆಯನ್ನೇ ಮುಚ್ಚಲಾಯಿತು. ಮರುವರ್ಷ ಫ್ಲಾರಿಡಾ ಇಂಥ ಕೋಟಾ ನಿಷೇಧಿಸುವ ಕಾನೂನು ತಂದಿತು. ಮಿಸೌರಿ ರಾಜ್ಯವಂತೂ 1995ರಲ್ಲೇ, ಮ್ಯಾಕ್ಸ್ ಕ್ರೀಕ್ ಎಂಬ ಪುಟ್ಟ ಊರಿನ ಹಾವಳಿ ನೋಡಿ, ಊರಿನ ಆದಾಯದಲ್ಲಿ ಸಂಚಾರ ದಂಡದ ಪಾಲು ಶೇ. 45 ಮೀರಬಾರದು ಎಂದು ಮಿತಿ ಹಾಕಿತ್ತು. ಆಮೇಲೆ ಆ ಮಿತಿಯನ್ನೂ ಇನ್ನಷ್ಟು ಇಳಿಸಿತು.

ಇವೆಲ್ಲ ಕೆಟ್ಟ ಹೆಸರು ಪಡೆದ ಊರುಗಳು. ಹಾಗಾದರೆ ಸಾಮಾನ್ಯ ಊರುಗಳಲ್ಲಿ? ಮೈಕಲ್ ಮಕೌಸ್ಕಿ ಮತ್ತು ಥಾಮಸ್ ಸ್ಟ್ರಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ತೆಗೆದು ನೋಡಿ 2009ರಲ್ಲಿ ಉತ್ತರ ಪ್ರಕಟಿಸಿದರು. ಅತಿವೇಗಕ್ಕೆ ಸಿಕ್ಕಿಬಿದ್ದವರಲ್ಲಿ ಊರಿನವರಿಗೆ ಎಚ್ಚರಿಕೆ ಕೊಟ್ಟು ಬಿಡುವುದು ಹೆಚ್ಚು, ಹೊರಗಿನವರಿಗೆ ದಂಡ ಹಾಕುವುದು ಹೆಚ್ಚು. ಆಸ್ತಿ ತೆರಿಗೆ ಏರಿಸಲು ಜನ ಒಪ್ಪದ ಊರುಗಳಲ್ಲಿ ದಂಡ ಬೀಳುವ ಸಾಧ್ಯತೆ ಇನ್ನೂ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ಹೊರಗಿನವನಿಗೆ ಆ ಊರಿನಲ್ಲಿ ಓಟಿಲ್ಲ. ದಂಡ ತಪ್ಪು ಎಂದು ವಾದಿಸಲು ಅವನು ಕೆಲಸ ಬಿಟ್ಟು, ಪೆಟ್ರೋಲ್ ಸುಟ್ಟು ಮತ್ತೆ ಅಷ್ಟು ದೂರ ಬರಬೇಕು. ಅದಕ್ಕಿಂತ ಕಟ್ಟಿಬಿಡುವುದೇ ಅಗ್ಗ.

ಇಷ್ಟಕ್ಕೆ ಪೊಲೀಸರನ್ನು ಬೈದು ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಇಬ್ಬರು 2011ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹೆಚ್ಚು ದಂಡ ಬಿದ್ದ ಕಡೆ ಅಪಘಾತ ಕಡಿಮೆಯಾಗಿದ್ದವು, ಗಾಯಗೊಂಡವರೂ ಕಡಿಮೆ. ಹೆದ್ದಾರಿ ಪಕ್ಕದ ಹಳ್ಳಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಶಾಲೆ ಬಿಡುವ ಹೊತ್ತಿಗೆ ರಸ್ತೆ ದಾಟುವ ಮಕ್ಕಳ ಪಾಲಿಗೆ ನಿಧಾನವಾಗಿ ಬರುವ ಗಾಡಿಯೇ ಒಳ್ಳೆಯ ಗಾಡಿ, ಅದು ಯಾವ ಊರಿನದಾದರೂ ಸರಿ.

ಹಾಗಾಗಿ ದಂಡ ಹಾಕಿದ್ದು ಅನ್ಯಾಯ ಎನ್ನಲಾಗದು. ಒಂದೇ ತಪ್ಪಿಗೆ ಊರವನನ್ನು ಬಿಟ್ಟು ಪರಊರಿನವನಿಂದ ಮಾತ್ರ ವಸೂಲಿ ಮಾಡಿದ್ದು ಅನ್ಯಾಯ. ಸಾಹೇಬರ ಮನಸ್ಸು ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ ದುಡ್ಡು ಯಾರ ಪೆಟ್ಟಿಗೆಗೆ ಬೀಳುತ್ತದೆ ಎನ್ನುವುದು ಮುಖ್ಯ ಎಂದು ಈ ಇತಿಹಾಸ ಹೇಳುತ್ತದೆ. ಪೆಟ್ಟಿಗೆ ಪಕ್ಕದಲ್ಲೇ ಇದ್ದರೆ ಒಳ್ಳೆಯವನ ಕೈಯೂ ಹೊರಗಿನ ಗಾಡಿಯ ಕಡೆಗೇ ಏಳುತ್ತದೆ.

ನಮ್ಮಲ್ಲಿ ದಂಡದ ದುಡ್ಡು ಪಂಚಾಯಿತಿಗೆ ಬರುವುದಿಲ್ಲ, ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಅದು ಒಳ್ಳೆಯದೇ. ಆದರೆ ರಸೀದಿ ಇಲ್ಲದೆ ಕೊಟ್ಟ ದುಡ್ಡು ಯಾವ ಬೊಕ್ಕಸಕ್ಕೂ ಹೋಗುವುದಿಲ್ಲ. ಮುಂದಿನ ಸಲ ಪರಊರಿನಲ್ಲಿ ಯಾರಾದರೂ ನಿಮ್ಮ ಗಾಡಿ ನಿಲ್ಲಿಸಿದರೆ, ತಪ್ಪಾಗಿದ್ದರೆ ದಂಡ ಕಟ್ಟಿ. ಚಲನ್ ಮಾತ್ರ ಕೇಳಿ ಪಡೆಯಿರಿ.