ಬೆಲೆಯಿಲ್ಲದ ಪದವಿಗಾಗಿ ಓದಿದವರು

ಇದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ? ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ನಮ್ಮೆಲ್ಲರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯಿದು. ಕೇಳುವುದರಲ್ಲಿ ತಪ್ಪಿಲ್ಲ. ಹೊಟ್ಟೆಪಾಡನ್ನು ಮರೆತು ವಿದ್ಯೆಯ ಹಿರಿಮೆ ಹೇಳುವುದು ಉಳ್ಳವರಿಗಷ್ಟೇ ಸುಲಭ. ಆದರೆ ತಮ್ಮ ಪದವಿಗೆ ಸರಕಾರದಲ್ಲಿ ಬೆಲೆಯಿಲ್ಲವೆಂದು ತಿಳಿದೂ ಓದಲು ಕುಳಿತ ವಿದ್ಯಾರ್ಥಿಗಳು ನಮ್ಮ ದೇಶದಲ್ಲಿದ್ದರು.

ಅದು 1920ರ ಅಕ್ಟೋಬರ್. ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಕಾವೇರಿದ್ದ ದಿನಗಳು. ಬ್ರಿಟಿಷ್ ಸರಕಾರದ ನೆರವಿನಿಂದ ನಡೆಯುವ ಕಾಲೇಜನ್ನು ತೊರೆಯಿರಿ ಎಂದು ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢದಲ್ಲಿ ಕರೆಕೊಟ್ಟರು. ಹೊರಬಂದವರಿಗಾಗಿ ಅದೇ ತಿಂಗಳ 29ರಂದು ಅಲ್ಲಿಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು. ಹಕೀಮ್ ಅಜ್ಮಲ್ ಖಾನ್ ಕುಲಾಧಿಪತಿ, ಮೌಲಾನಾ ಮುಹಮ್ಮದ್ ಅಲಿ ಉಪಕುಲಪತಿ. ಎಂ.ಎ. ಓದುತ್ತಿದ್ದ 23ರ ಹರೆಯದ ಝಾಕಿರ್ ಹುಸೇನ್ ಕೂಡಾ ಹೊರಬಂದವರಲ್ಲಿ ಒಬ್ಬರು.

ಆವೇಶದಿಂದ ಬಂದವರೆಲ್ಲ ನಿಲ್ಲಲಿಲ್ಲ. 1922ರಲ್ಲಿ ಅಸಹಕಾರ ನಿಂತಿತು. 1924ರಲ್ಲಿ ತುರ್ಕಿಯೇ ಖಿಲಾಫತನ್ನು ರದ್ದುಗೊಳಿಸಿತು. ಖಿಲಾಫತ್ ಸಮಿತಿಯಿಂದ ಬರುತ್ತಿದ್ದ ಹಣ ಬತ್ತಿತು, ಕೆಲವು ವಿದ್ಯಾರ್ಥಿಗಳು ಹಳೆಯ ಕಾಲೇಜಿಗೇ ಮರಳಿದರು. ಅವರನ್ನು ದೂರಲು ನಮಗೆ ಮನಸ್ಸು ಬಾರದು. ಘೋಷಣೆ ಒಬ್ಬನನ್ನು ತರಗತಿಯಿಂದ ಹೊರಗೆ ಕರೆತಂದೀತು. ಮತ್ತೊಂದು ತರಗತಿಯಲ್ಲಿ ವರ್ಷಗಟ್ಟಲೆ ಕೂರಿಸಲು ಬೇರೇನೋ ಬೇಕು.

ಆ ಬೇರೇನೋ ಜಾಮಿಯಾದಲ್ಲಿ ಎಲ್ಲಿಂದ ಬಂತು? ಸಂಸ್ಥೆಯನ್ನು ಮುಚ್ಚುವ ಮಾತು ಎದ್ದಾಗ ಝಾಕಿರ್ ಹುಸೇನ್ ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಸಂಶೋಧನೆಯಲ್ಲಿದ್ದರು. ನಾವು ಬರುವ ತನಕ ಮುಚ್ಚಬೇಡಿ ಎಂದು ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಅವರೊಡನೆ ಸೇರಿ ಹೇಳಿ ಕಳುಹಿಸಿದರು. ದುಡ್ಡಿನ ಚಿಂತೆಯಿದ್ದರೆ ತಾನು ಭಿಕ್ಷಾಪಾತ್ರೆ ಹಿಡಿಯುತ್ತೇನೆಂದರು ಗಾಂಧೀಜಿ. 1925ರಲ್ಲಿ ಸಂಸ್ಥೆ ದೆಹಲಿಯ ಕರೋಲ್ ಬಾಗಿಗೆ ಸ್ಥಳಾಂತರಗೊಂಡಿತು. 1926ರಲ್ಲಿ ಮೂವರೂ ಮರಳಿದರು. ಯುರೋಪಿನಲ್ಲಿ ಓದಿ ಬಂದ ಅವರಿಗೆ ಒಳ್ಳೆಯ ಸಂಬಳದ ಹುದ್ದೆಗಳು ಬೇರೆಡೆ ಸಿಗುತ್ತಿದ್ದವು. 1927ರ ಕೊನೆಯಲ್ಲಿ ಹಕೀಮ್ ಸಾಹೇಬರು ತೀರಿಕೊಂಡಾಗ ಇದ್ದ ಆಸರೆಯೂ ಹೋಯಿತು. ಆಗ, 1928ರಲ್ಲಿ, ಜಾಮಿಯಾದ ಅಧ್ಯಾಪಕರು ಒಂದು ಪ್ರತಿಜ್ಞೆ ಮಾಡಿದರು: 20 ವರ್ಷ ಇಲ್ಲಿಯೇ ಸೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯುವುದಿಲ್ಲ.

ಮೌಲ್ಯಶಿಕ್ಷಣವೆಂದರೆ ವಾರಕ್ಕೊಂದು ಪೀರಿಯಡ್ ಎಂದುಕೊಂಡಿರುವ ನಾವು ಇಲ್ಲಿ ತುಸು ನಿಲ್ಲಬೇಕು. ಹುಡುಗರಲ್ಲಿ ಗುರಿಯಿಲ್ಲ, ಛಲವಿಲ್ಲ ಎಂದು ದೂರುತ್ತೇವೆ. ಆ ಹುಡುಗರ ಎದುರು ನಿಂತವರು ತಾವು ನಂಬಿದ್ದಕ್ಕೆ ಏನನ್ನು ತೆತ್ತಿದ್ದಾರೆಂದು ಕೇಳುವುದಿಲ್ಲ. ಜಾಮಿಯಾದ ವಿದ್ಯಾರ್ಥಿಗೆ ಇದರ ಉತ್ತರ ದಿನವೂ ಕಣ್ಣೆದುರೇ ಪಾಠ ಹೇಳುತ್ತಿತ್ತು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಶಿಲಾನ್ಯಾಸ ನಡೆಯಿತು. ಕಲ್ಲಿಟ್ಟದ್ದು ನಾಯಕರಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿ. ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಸರಕಾರಿ ಮನ್ನಣೆ ಜಾಮಿಯಾಕ್ಕೆ ಸಿಕ್ಕಿದ್ದು 1962ರಲ್ಲಿ. ಆ ಹೊತ್ತಿಗೆ ಝಾಕಿರ್ ಹುಸೇನರು ದೇಶದ ಉಪರಾಷ್ಟ್ರಪತಿಯಾಗಿದ್ದರು. ಮುಜೀಬರು ಮಾತ್ರ ಇನ್ನೂ ಜಾಮಿಯಾದಲ್ಲೇ ಇದ್ದರು, ಉಪಕುಲಪತಿಯಾಗಿ.