ನೋಡಿಕೊಳ್ಳುವವರ ದಣಿವು: ಬ್ರಿಟನ್ನಿನ ಆರೈಕೆ ಸೇವೆಯ ಇತಿಹಾಸದಿಂದ

ಬೌದ್ಧಿಕ ನ್ಯೂನತೆ ಇರುವವರನ್ನು ನೋಡಿಕೊಳ್ಳುವ ಸಿಬ್ಬಂದಿಯ ಕೆಲಸದ ಒತ್ತಡ ಬ್ರಿಟನ್ನಿನಲ್ಲಿ ಸಾರ್ವಜನಿಕ ಪ್ರಶ್ನೆಯಾದದ್ದು ತೀರ ತಡವಾಗಿ. ಸರ್ರೆಯ ಅರ್ಲ್ಸ್‌ವುಡ್ ಆಶ್ರಯಧಾಮ 1855ರಲ್ಲೇ ತೆರೆದಿತ್ತು. ಬೌದ್ಧಿಕ ನ್ಯೂನತೆ ಕುರಿತ 1913ರ ಕಾಯಿದೆಯ ಬಳಿಕ ಊರಾಚೆಯ ದೊಡ್ಡ ವಸತಿಗಳು ಹೆಚ್ಚಿದವು. 1948ರಲ್ಲಿ ಅವು ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿ ಆಸ್ಪತ್ರೆಗಳಾದವು. ಕಿಕ್ಕಿರಿದ ವಾರ್ಡುಗಳಲ್ಲಿ ಬೆರಳೆಣಿಕೆಯ ಸಿಬ್ಬಂದಿ ಉಣಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದರಲ್ಲೇ ಪಾಳಿ ಕಳೆಯುತ್ತಿದ್ದರು. ಮಾತಾಡಿಸಲು ಬಿಡುವೇ ಇರಲಿಲ್ಲ.

ಈ ಸ್ಥಿತಿ ಹೊರಬಿದ್ದದ್ದು ಕಾರ್ಡಿಫ್‌ನ ಎಲಿ ಆಸ್ಪತ್ರೆಯಿಂದ. ಅಲ್ಲಿಯ ಸಹಾಯಕ ನೌಕರನೊಬ್ಬ ಮಾಡಿದ ಆರೋಪಗಳನ್ನು 1967ರಲ್ಲಿ ಪತ್ರಿಕೆಯೊಂದು ಪ್ರಕಟಿಸಿತು. ವಕೀಲ ಜೆಫ್ರಿ ಹೌ ನೇತೃತ್ವದ ಸಮಿತಿ ವಿಚಾರಣೆ ನಡೆಸಿತು. ವರದಿ 1969ರ ಮಾರ್ಚಿನಲ್ಲಿ ಬಂತು. ರೋಗಿಗಳ ಮೇಲಿನ ದೌರ್ಜನ್ಯವನ್ನು ಒಪ್ಪಿಕೊಂಡ ವರದಿ ಅದಕ್ಕೆ ಹಿನ್ನೆಲೆಯಾದ ಜನದಟ್ಟಣೆ, ಸಿಬ್ಬಂದಿ ಕೊರತೆ, ಸಾಕಷ್ಟಿಲ್ಲದ ತರಬೇತಿ, ಹೊರಜಗತ್ತಿನ ಸಂಪರ್ಕವಿಲ್ಲದ ದುಡಿಮೆ ಇವನ್ನೂ ಎತ್ತಿ ತೋರಿಸಿತು. ದೂರು ಕೊಟ್ಟವರೇ ಕಿರುಕುಳಕ್ಕೆ ಗುರಿಯಾಗುತ್ತಿದ್ದರೆಂಬುದು ಅದರಲ್ಲಿ ಎಲ್ಲಕ್ಕಿಂತ ಕಳವಳಕಾರಿ ಸಂಗತಿ: ಕಂಡದ್ದನ್ನು ಹೇಳಲಾಗದೆ ಅದೇ ವಾರ್ಡಿಗೆ ಮರುದಿನವೂ ಹೋಗಬೇಕಾದವರ ಸಂಕಟವನ್ನು ಯಾವ ವೇತನವೂ ತುಂಬಿಕೊಡದು. ದೌರ್ಜನ್ಯಕ್ಕೆ ದಣಿವು ಸಮರ್ಥನೆಯಲ್ಲ. ಆದರೆ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಡಳಿತ ರೋಗಿಗಳನ್ನೂ ಕಾಪಾಡಲಾರದು. 1969ರಲ್ಲೇ ಆಸ್ಪತ್ರೆಗಳ ಪರಿಶೀಲನೆಗೆಂದೇ ಪ್ರತ್ಯೇಕ ಸಲಹಾ ಸೇವೆ ಹುಟ್ಟಿತು. 1971ರ ಶ್ವೇತಪತ್ರ ಆಸ್ಪತ್ರೆಗಳನ್ನು ಕುಗ್ಗಿಸಿ ಊರೊಳಗಿನ ಸೇವೆಗಳನ್ನು ಬೆಳೆಸಲು ಹೊರಟಿತು. 1976ರ ಮೇ ತಿಂಗಳಲ್ಲಿ ಇಂಥದೇ ಮತ್ತೊಂದಾದ ನಾರ್ಮನ್ಸ್‌ಫೀಲ್ಡ್ ಆಸ್ಪತ್ರೆಯ ನರ್ಸುಗಳು ಹಿರಿಯ ವೈದ್ಯರೊಬ್ಬರ ವಿರುದ್ಧ ಮುಷ್ಕರ ಹೂಡಿದರು. 1979ರ ಜೇ ಸಮಿತಿ ಈ ಕೆಲಸದ ತರಬೇತಿಯನ್ನು ನರ್ಸಿಂಗಿನಿಂದ ಸಮಾಜಕಾರ್ಯದ ಕಡೆಗೆ ತಿರುಗಿಸಬೇಕೆಂದಿತು.

ಆಸ್ಪತ್ರೆಗಳು ಮುಚ್ಚುತ್ತ ಬಂದಂತೆ ಒತ್ತಡ ಮರೆಯಾಗಲಿಲ್ಲ, ರೂಪ ಬದಲಿಸಿತು. ಅವುಗಳ ಬದಲು ಬಂದ ನಾಲ್ಕೈದು ಜನರ ಮನೆಯಲ್ಲಿ ರಾತ್ರಿ ಒಬ್ಬರೇ ಇರುವ ಕೆಲಸಗಾರರಿಗೆ ವಾರ್ಡಿನ ಗದ್ದಲವಿಲ್ಲ. ತುರ್ತಿನಲ್ಲಿ ಕೂಗಿ ಕರೆಯಲು ಜೊತೆಗಾರರೂ ಇಲ್ಲ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ವಿವರಿಸಿದ್ದ, ದುಡಿಮೆಯಿಂದ ಬಳಲಿ ಬರಿದಾಗುವ 'ಬರ್ನ್‌ಔಟ್' ಪರಿಕಲ್ಪನೆಯನ್ನು ಸಂಶೋಧಕರು ಈ ವಲಯಕ್ಕೂ ತಂದರು. ಕ್ರಿಸ್ ಹ್ಯಾಟನ್ ಮತ್ತು ಸಹಸಂಶೋಧಕರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಸಂಸ್ಥೆಯ ಬೆಂಬಲದ ಕೊರತೆ, ಹೊಣೆಯ ಅಸ್ಪಷ್ಟತೆ, ಮನೆ ಮತ್ತು ಕೆಲಸದ ನಡುವಿನ ಎಳೆದಾಟಗಳತ್ತ ಗಮನ ಸೆಳೆದವು. ಆರೈಕೆ ಪಡೆಯುವವರ ವರ್ತನೆಯೊಂದೇ ಒತ್ತಡಕ್ಕೆ ಕಾರಣವೆಂಬ ನಂಬಿಕೆ ಅಲುಗಿತು.

ಕಾನೂನಿನ ತಿರುವೂ ಇದೇ ದಶಕದ್ದು. ಅತಿಯಾದ ಹೊರೆಯಿಂದ ಒಮ್ಮೆ ಮನೋಸ್ವಾಸ್ಥ್ಯ ಕಳೆದುಕೊಂಡು ಮರಳಿದ ಸಮಾಜಸೇವಾ ಅಧಿಕಾರಿಗೆ ಸಾಕಷ್ಟು ನೆರವು ಕೊಡದೆ, ಮತ್ತೆ ಕುಸಿಯಲು ಬಿಟ್ಟದ್ದಕ್ಕೆ ನಾರ್ಥಂಬರ್‌ಲ್ಯಾಂಡ್ ಕೌಂಟಿ ಆಡಳಿತ ಹೊಣೆಯೆಂದು 1994ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2004ರಲ್ಲಿ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರ ಕೆಲಸದ ಒತ್ತಡದ ಬಗ್ಗೆ ಹೊರತಂದ ಮಾನದಂಡಗಳು ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಬೆಂಬಲ, ಸಂಬಂಧಗಳು, ಪಾತ್ರ, ಬದಲಾವಣೆ ಎಂಬ ಆರು ಅಂಶಗಳನ್ನು ಮಾಲೀಕರು ಪರಿಶೀಲಿಸುವಂತೆ ಕೇಳಿದವು. ಮೇಲ್ವಿಚಾರಕರೊಂದಿಗೆ ನಿಯಮಿತ ಮಾತುಕತೆ, ಕಠಿಣ ಘಟನೆಯ ನಂತರ ಸಮಾಲೋಚನೆ, ಕೆಣಕುವ ವರ್ತನೆಯನ್ನು ಅರ್ಥಮಾಡಿಕೊಳ್ಳುವ ತರಬೇತಿ ಮುಂತಾದವು ಒಳ್ಳೆಯ ಸೇವೆಗಳ ರೂಢಿಯಾದವು.

ಎಲ್ಲೆಡೆ ಹಾಗಾಗಲಿಲ್ಲ. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಖಾಸಗಿ ಆಸ್ಪತ್ರೆಯ ದೌರ್ಜನ್ಯವನ್ನು 2011ರಲ್ಲಿ ಬಿಬಿಸಿ ಬಯಲಿಗೆಳೆಯಿತು; ಮರುವರ್ಷ ಆರು ಸಿಬ್ಬಂದಿ ಜೈಲು ಸೇರಿದರು. ಇತ್ತ ಆರೈಕೆಯ ಮನೆಗಳಲ್ಲೇ ಮಲಗಿ ಕಾಯುವ ರಾತ್ರಿಪಾಳಿಯ ವೇತನದ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಿದ್ದೆಗೆ ಅವಕಾಶವಿರುವ ಹೊತ್ತಿನಲ್ಲಿ ಎದ್ದು ಕೆಲಸ ಮಾಡಿದ ಸಮಯಕ್ಕಷ್ಟೇ ಕನಿಷ್ಠ ವೇತನ ಅನ್ವಯಿಸುತ್ತದೆಂದು 2021ರ ಮಾರ್ಚಿನಲ್ಲಿ ಅದು ಹೇಳಿತು.