ಆಮೆನ್ ಎಂಬ ಕಂಬ

ಪ್ರಾರ್ಥನೆಯ ಕೊನೆಗೆ ಬರುವುದರಿಂದ 'ಆಮೆನ್' ನಮ್ಮ ಕಿವಿಗೆ ಮುಗಿಯಿತೆಂಬ ಸೂಚನೆಯಷ್ಟೇ ಆಗಿಬಿಟ್ಟಿದೆ. ಕನ್ನಡ, ತುಳು, ಕೊಂಕಣಿ ಯಾವ ಆರಾಧನೆಯಲ್ಲೂ ಅದು ಅನುವಾದವಾಗದೆ ಉಳಿದಿದೆ. ಮಸೀದಿಯ 'ಆಮೀನ್' ಕೂಡ ಅದೇ ಬೇರಿನದು. ಅರ್ಥ ಕೇಳಿದರೆ 'ಹಾಗೆಯೇ ಆಗಲಿ', ಅಂದರೆ ತಥಾಸ್ತು ಎನ್ನುತ್ತೇವೆ. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರೂ ಬಹಳ ಕಡೆ ಹಾಗೇ ಮಾಡಿದರು. ತಪ್ಪಲ್ಲ, ಆದರೆ ಸಾಲದು. ತಥಾಸ್ತು ವರ ಕೊಡುವವನ ಮಾತು. ಆಮೆನ್ ಹೇಳುವವನ ಕೈಯಲ್ಲಿ ಕೊಡಲು ಏನೂ ಇಲ್ಲ. ಈ ಪದದ ಬಳಗವನ್ನು ನೋಡಿ: ಹೀಬ್ರೂವಿನಲ್ಲಿ ನಂಬುವುದಕ್ಕೂ ನಂಬಿಗಸ್ತಿಕೆಗೂ ಇದೇ ಧಾತು. ಹಿಜ್ಕೀಯ ಅರಸ ಚಿನ್ನ ಹೊದಿಸಿದ್ದ ದೇವಾಲಯದ ಬಾಗಿಲ ಕಂಬಗಳ ಹೆಸರಲ್ಲೂ ಇದೇ. ರೂತಳ ಕೂಸನ್ನು ಮಡಿಲಿಗೆ ಹಾಕಿಕೊಂಡ ನೊವೊಮಿಯನ್ನು ದಾದಿ ಎಂದು ಕರೆಯುವಾಗಲೂ ಇದೇ. ಕಂಬ ಮನೆಯನ್ನು ಹೊರುತ್ತದೆ, ದಾದಿ ಮಗುವನ್ನು. ಭಯದ ಹೊತ್ತಿನಲ್ಲಿ ಹೇಳುವ ಆಮೆನ್ ಬೇಡಿಕೆಗೆ ಒತ್ತಿದ ಮೊಹರಲ್ಲ, ಹೊರುವಾತನ ಮೇಲೆ ನಮ್ಮ ಭಾರವನ್ನು ಬಿಡುವುದು ಎಂದು ನಾನು ತಿಳಿಯುತ್ತೇನೆ.

ಧಾತು ಹಿಡಿದು ಅರ್ಥ ಹೇಳುವುದು ಸರಿಯೇ ಎಂದು ಕೇಳಬಹುದು. 1961ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ ಈ ಪದಬಳಗವನ್ನೂ ಎತ್ತಿಕೊಂಡು, ಪದದ ಅರ್ಥವನ್ನು ಹುಟ್ಟಿನಲ್ಲಿ ಹುಡುಕಬಾರದು, ಬಳಕೆಯಲ್ಲಿ ನೋಡಬೇಕು ಎಂದು ವಾದಿಸಿದರು. ಒಪ್ಪಬೇಕಾದ ಮಾತು. ಹಾಗಾದರೆ ಬಳಕೆಗೇ ಹೋಗೋಣ. ಕ್ರಿ.ಪೂ. 735ರ ಸುಮಾರಿಗೆ ಅರಾಮ್ಯರೂ ಎಫ್ರಾಯೀಮ್ಯರೂ ಒಂದಾದರೆಂಬ ಸುದ್ದಿ ಬಂದಾಗ ಯೆಹೂದದ ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳ ಹಾಗೆ ಅಲುಗಾಡಿತು. ಯೆಶಾಯ ಅವನನ್ನು ಕಂಡದ್ದು ಅಗಸರ ಹೊಲದ ದಾರಿಯಲ್ಲಿ, ಮೇಲಣ ಕೆರೆಯ ಕಾಲುವೆಯ ಕೊನೆಯಲ್ಲಿ. ಮುತ್ತಿಗೆಗೆ ಮುನ್ನ ಊರಿನ ನೀರು ನೋಡಲು ಅರಸ ಬಂದಿದ್ದಿರಬೇಕು. ಅಲ್ಲಿ ಪ್ರವಾದಿ ಇದೇ ಧಾತುವನ್ನು ಒಂದೇ ಉಸಿರಿನಲ್ಲಿ ಎರಡು ಸಲ ಬಳಸುತ್ತಾನೆ: ಆತುಕೊಳ್ಳದಿದ್ದರೆ ನಿಲ್ಲಲಾರಿರಿ ಎಂಬರ್ಥದಲ್ಲಿ. ನಂಬುವುದಕ್ಕೂ ನೆಲೆ ನಿಲ್ಲುವುದಕ್ಕೂ ನಂಟು ಹಾಕಿದವನು ನಿಘಂಟುಕಾರನಲ್ಲ, ಯೆಶಾಯನೇ. ಕಾಲುವೆ ನೋಡಬೇಡ ಎಂದು ಅವನು ಹೇಳಲಿಲ್ಲ, ಹೆದರಬೇಡ ಎಂದ. ಆಹಾಜ ಅಶ್ಶೂರದ ಅರಸನಿಗೆ ಬೆಳ್ಳಿಬಂಗಾರ ಕಳಿಸಿ ಅವನ ಅಡಿಯಾಳಾದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಆತುಕೊಂಡವರೂ ಬಿದ್ದಿಲ್ಲವೇ? ಆಮೆನ್ ಎಂದ ಮೇಲೂ ಎಷ್ಟೋ ಮನೆಗಳಲ್ಲಿ ರೋಗಿ ಉಳಿಯಲಿಲ್ಲ. ಈ ಪ್ರಶ್ನೆಯನ್ನು ತಳ್ಳಿಹಾಕುವ ಬೋಧನೆ ನೊಂದವರಿಗೆ ಕ್ರೂರವಾದದ್ದು. ಬೈಬಲ್ ತಳ್ಳಿಹಾಕುವುದಿಲ್ಲ. ಬಾಬೆಲಿಗೆ ಸೆರೆ ಹೋದವರು ಎರಡೇ ವರ್ಷದಲ್ಲಿ ಮರಳುತ್ತಾರೆ ಎಂದು ಹನನ್ಯನೆಂಬ ಪ್ರವಾದಿ ಸಾರಿದಾಗ ಪ್ರವಾದಿ ಯೆರೆಮೀಯನೂ 'ಆಮೆನ್' ಎಂದ; ಅದು ಆಗಲಿ ಎಂದು ಮನಸಾರೆ ಬಯಸಿದ. ಆಗಲಿಲ್ಲ. ಆದರೆ ಅವನ ಭಾರ ಆ ಸಿಹಿ ಭವಿಷ್ಯದ ಮೇಲೆ ನಿಂತಿರಲೇ ಇಲ್ಲ. ಮುಂದೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದ್ದಾಗ, ತಾನೇ ಕಾವಲಿನಲ್ಲಿದ್ದಾಗ, ಅವನು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಸಾಕ್ಷಿ ಹಾಕಿಸಿ, ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ. ನಗರ ಬಿದ್ದೇ ಬಿತ್ತು. ಆ ಕ್ರಯಪತ್ರವನ್ನು ನಾನು ಯೆರೆಮೀಯನ ಎರಡನೆಯ ಆಮೆನ್ ಎಂದೇ ಓದುತ್ತೇನೆ, ಬಾಯಿಂದ ಹೇಳದೆ ಬೆಳ್ಳಿ ತೂಗಿ ಹೇಳಿದ್ದು.

ಹೆದರಿದವರು ಈ ಪದ ಹೇಳಲು ಅರ್ಹರಲ್ಲ, ಭಯವೇ ಅವಿಶ್ವಾಸ ಎನ್ನುವವರೂ ಇದ್ದಾರೆ. ಅವರು ಕೊರಿಂಥದವರಿಗೆ ಪೌಲ ಬರೆದ ಎರಡನೆಯ ಪತ್ರ ತೆಗೆಯಲಿ. ಏಷ್ಯದಲ್ಲಿ ತಾಳಲಾರದ ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಮೊದಲ ಅಧ್ಯಾಯದ 8ನೆಯ ವಚನದಲ್ಲಿ ಅವನು ಒಪ್ಪಿಕೊಳ್ಳುತ್ತಾನೆ. 'ಆಮೆನ್' ಬರುವುದು ಅದೇ ಅಧ್ಯಾಯದ 20ರಲ್ಲಿ. ಎರಡನ್ನೂ ಒಟ್ಟಿಗೆ ಓದಿ.